‘ಕಂಪನಿಗೆ ಮಾತ್ರ ಕುಡಿಯೋದು’ ಅನ್ನುವವರಿಗೆ: ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಕುಡಿತದ ಬಗ್ಗೆಯೇ. ಬರೆದವರ ಹೆಸರು, ವಿಳಾಸ ಎಲ್ಲೂ ಹಾಕಿಲ್ಲ. ಉದ್ದ ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇವೆ.

ಪ್ರಶ್ನೆ: ನನಗೆ 38 ವರ್ಷ. ಕಾಲೇಜಿನ ದಿನಗಳಿಂದ ಫ್ರೆಂಡ್ಸ್ ಜೊತೆ ಕುಡಿಯುವ ಅಭ್ಯಾಸ. ಮೊದಲು ಶನಿವಾರ ಮಾತ್ರ ಇತ್ತು, ಈಗ ಬುಧವಾರವೇ ಶುರುವಾಗುತ್ತದೆ. ಮೊದಲು ಎರಡು ಪೆಗ್‌ಗೆ ಸಾಕಾಗುತ್ತಿತ್ತು, ಈಗ ಐದಾದರೂ ಏನೂ ಅನ್ನಿಸುವುದಿಲ್ಲ. ಆದರೆ ಬೆಳಿಗ್ಗೆ ಎದ್ದು ಯಾವತ್ತೂ ಕುಡಿದಿಲ್ಲ, ಗಲಾಟೆ ಮಾಡಿಲ್ಲ, ಕೆಲಸ ತಪ್ಪಿಸಿಲ್ಲ. ಈ ವರ್ಷ ಪ್ರಮೋಷನ್ ಕೂಡ ಆಯಿತು. ಹೆಂಡತಿ ಮಾತ್ರ ‘ಇದು ಚಟ ಆಗಿಬಿಟ್ಟಿದೆ’ ಅನ್ನುತ್ತಾಳೆ. ಚಟ ಆಗಿದೆ ಅಂತ ಗೊತ್ತಾಗುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಇನ್ನೊಮ್ಮೆ ನೀವೇ ಓದಿ ನೋಡಿ. ಚಟ ಅಲ್ಲ ಅನ್ನುವುದಕ್ಕೆ ನೀವು ಕೊಟ್ಟ ಕಾರಣಗಳೆಲ್ಲ ‘ಇನ್ನೂ ಇದು ಆಗಿಲ್ಲ, ಅದು ಆಗಿಲ್ಲ’ ಅನ್ನುವಂಥವು. ಕುಡುಕ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬೆಳಿಗ್ಗೆಯೇ ಬಾಟಲಿ ಹಿಡಿದು, ಕೆಲಸ ಕಳೆದುಕೊಂಡು, ರಸ್ತೆ ಬದಿ ಬಿದ್ದಿರುವ ಮನುಷ್ಯ. ಅವನ ಪಕ್ಕ ನಿಂತು ಅಳತೆ ಮಾಡಿಕೊಂಡರೆ ಯಾರು ಬೇಕಾದರೂ ಪಾಸಾಗುತ್ತಾರೆ. ಅದು ಎಷ್ಟೋ ವರ್ಷ ಕಳೆದ ಮೇಲಿನ ಚಿತ್ರ. ಶುರುವಿನಲ್ಲಿ ಎಲ್ಲರೂ ನಿಮ್ಮ ಹಾಗೆಯೇ ಇರುತ್ತಾರೆ: ಇಸ್ತ್ರಿ ಮಾಡಿದ ಶರ್ಟು, ಸರಿಯಾದ ಸಮಯಕ್ಕೆ ಆಫೀಸು, ಒಳ್ಳೆ ಹೆಸರು.

ಹಾಗಾಗಿ ಎಷ್ಟು ಕುಡಿಯುತ್ತೀರಿ ಅನ್ನುವುದಕ್ಕಿಂತ, ಕುಡಿಯುವ ವಿಷಯದಲ್ಲಿ ತೀರ್ಮಾನ ಯಾರದು ಅಂತ ನೋಡಬೇಕು. ವೈದ್ಯರೂ ಸುಮಾರಾಗಿ ಇದನ್ನೇ ನೋಡುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ, 2022ರಿಂದ ಜಾರಿಯಲ್ಲಿರುವ ಐಸಿಡಿ-11, ಮದ್ಯದ ಅವಲಂಬನೆಗೆ ಮೂರು ಗುರುತು ಹೇಳುತ್ತದೆ. ಯಾವಾಗ ಶುರು ಮಾಡಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಅನ್ನುವುದು ಕೈ ತಪ್ಪುವುದು ಒಂದು. ಮನೆ, ಆರೋಗ್ಯ, ಇಷ್ಟದ ಕೆಲಸ ಎಲ್ಲಕ್ಕಿಂತ ಕುಡಿತವೇ ಮುಂದೆ ಬಂದು ಕೂರುವುದು ಇನ್ನೊಂದು. ದೇಹವೇ ಅದಕ್ಕೆ ಒಗ್ಗಿಹೋಗಿ ಜಾಸ್ತಿ ಜಾಸ್ತಿ ಬೇಕಾಗುವುದು, ಇಲ್ಲದಿದ್ದರೆ ನಡುಕ, ಬೆವರು ಬರುವುದು ಮೂರನೆಯದು. ಇದರಲ್ಲಿ ಎರಡು ಇದ್ದರೆ ಸಾಕು. ಸಾಮಾನ್ಯವಾಗಿ ಒಂದು ವರ್ಷದ ನಡವಳಿಕೆ ನೋಡಿ ಹೇಳುತ್ತೇವೆ, ದಿನಾ ಕುಡಿಯುವವರಾದರೆ ಮೂರು ತಿಂಗಳೇ ಸಾಕು.

ಎರಡು ಪೆಗ್ ಇದ್ದದ್ದು ಐದಾಯಿತು ಅಂತ ನೀವೇ ಬರೆದಿದ್ದೀರಿ. ಸ್ನೇಹಿತರ ನಡುವೆ ಇದಕ್ಕೆ ‘ಒಳ್ಳೆ ಕೆಪ್ಯಾಸಿಟಿ’ ಅಂತ ಹೊಗಳಿಕೆ ಸಿಗುತ್ತದೆ. ನನಗೆ ಅದನ್ನು ಕೇಳಿದರೆ ಬೇಜಾರಾಗುತ್ತದೆ, ಯಾಕೆಂದರೆ ಅದು ಶಕ್ತಿ ಅಲ್ಲ, ಮೂರನೇ ಗುರುತಿನ ಶುರು. ಮಿದುಳು ಒಗ್ಗಿಕೊಂಡಿದೆ, ಅದಕ್ಕೆ ಅಮಲು ಗೊತ್ತಾಗುತ್ತಿಲ್ಲ ಅಷ್ಟೇ. ಲಿವರ್‌ಗೆ, ಹೃದಯಕ್ಕೆ ಹೋಗುವುದು ಐದು ಪೆಗ್ಗೇ. ‘ನನಗೇನೂ ಆಗಿಲ್ಲ’ ಅಂತ ಸ್ಟೀರಿಂಗ್ ಹಿಡಿಯುವವರು ಜಾಸ್ತಿ ಇರುವುದೂ ಈ ಗುಂಪಿನಲ್ಲೇ.

ಇನ್ನು ಕಣ್ಣಿಗೆ ಬೀಳದ ಸಣ್ಣ ಸಂಗತಿಗಳಿವೆ. ನನ್ನ ಬಳಿ ಬಂದವರು ಹೇಳಿದ್ದರಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತುಗಳು ಇವು. ಪಾರ್ಟಿಗೆ ಹೋಗುವ ಮೊದಲೇ ಮನೆಯಲ್ಲಿ ಒಂದು ಹಾಕಿಕೊಂಡು ಹೋಗುವುದು. ಅಲ್ಲಿ ಕೂತ ಮೇಲೆ ಮಾತಿನ ನಡುವೆಯೂ ಬಾಟಲಿಯಲ್ಲಿ ಎಷ್ಟು ಉಳಿದಿದೆ, ಇರುವವರಿಗೆ ಸಾಲುತ್ತಾ ಅಂತ ಕಣ್ಣು ಲೆಕ್ಕ ಹಾಕುತ್ತಿರುವುದು. ಬೇರೆಯವರ ಗ್ಲಾಸು ನಿಧಾನವಾಗಿ ಖಾಲಿಯಾದರೆ ಸಿಟ್ಟು ಬರುವುದು. ಕುಡಿಯುವುದು ಇಲ್ಲ ಅಂತ ಗೊತ್ತಾದ ಮದುವೆಗೆ, ಪ್ರವಾಸಕ್ಕೆ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುವುದು. ಮಾರನೇ ದಿನ ಫೋನ್ ತೆಗೆದು, ರಾತ್ರಿ ಯಾರಿಗೆ ಏನು ಮೆಸೇಜ್ ಹಾಕಿದೆ ಅಂತ ಹುಡುಕುವುದು, ಯಾಕೆಂದರೆ ನೆನಪಿಲ್ಲ. ಈ ಕೊನೆಯದನ್ನು ಬ್ಲ್ಯಾಕೌಟ್ ಅನ್ನುತ್ತೇವೆ. ಆಗ ಮನುಷ್ಯ ಎದ್ದು ಓಡಾಡುತ್ತಿರುತ್ತಾನೆ, ಮಾತಾಡುತ್ತಿರುತ್ತಾನೆ, ಆದರೆ ಮಿದುಳು ಅದ್ಯಾವುದನ್ನೂ ದಾಖಲು ಮಾಡಿಕೊಳ್ಳುತ್ತಿರುವುದಿಲ್ಲ. ಎಷ್ಟೋ ಜನ ಇದನ್ನು ತಮಾಷೆಯ ಕಥೆ ಮಾಡಿ ಹೇಳುತ್ತಾರೆ. ಮತ್ತೆ ಮತ್ತೆ ಆಗುತ್ತಿದ್ದರೆ ತಮಾಷೆಯಾಗಿ ತಗೊಳ್ಳಬೇಡಿ.

ಇವತ್ತು ರಾತ್ರಿ ಒಬ್ಬರೇ ಕೂತು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಜಾನ್ ಯುವಿಂಗ್ ಅನ್ನುವ ಅಮೆರಿಕದ ವೈದ್ಯರು 1984ರಲ್ಲಿ ಪ್ರಕಟಿಸಿದ ಪ್ರಶ್ನೆಗಳಿವು. ಕಮ್ಮಿ ಮಾಡಬೇಕು ಅಂತ ಯಾವತ್ತಾದರೂ ಅನ್ನಿಸಿದೆಯಾ? ನಿಮ್ಮ ಕುಡಿತದ ಬಗ್ಗೆ ಯಾರಾದರೂ ಮಾತಾಡಿದರೆ ಕಿರಿಕಿರಿ ಆಗುತ್ತದಾ? ಕುಡಿದದ್ದಕ್ಕೆ ತಪ್ಪು ಮಾಡಿದೆ ಅನ್ನಿಸಿದ್ದಿದೆಯಾ? ನರ ಹಿಡಿತಕ್ಕೆ ಬರಲಿ ಅಂತಲೋ, ಹ್ಯಾಂಗೋವರ್ ಹೋಗಲಿ ಅಂತಲೋ ಬೆಳಿಗ್ಗೆ ಎದ್ದ ಕೂಡಲೇ ಕುಡಿದಿದ್ದೀರಾ? ಎರಡಕ್ಕೆ ಹೌದು ಬಂದರೆ ಡಾಕ್ಟರ ಹತ್ತಿರ ಮಾತಾಡುವ ಹೊತ್ತಾಗಿದೆ ಅಂತ ತಿಳಿಯಿರಿ. ಇದು ಜರಡಿ ಮಾತ್ರ, ತೀರ್ಪಲ್ಲ. ನಿಮ್ಮ ಪತ್ರ ಓದಿದರೆ ಎರಡನೆಯದಕ್ಕೆ ಹೌದು ಬರುತ್ತದೆ ಅಂತ ನನಗೆ ಅನ್ನಿಸುತ್ತದೆ.

ಮುಂದಿನ ನಾಲ್ಕು ವಾರ, ಕುಡಿಯುವ ಮೊದಲೇ ಒಂದು ಕಡೆ ಬರೆದಿಡಿ: ಇವತ್ತು ಇಷ್ಟು, ಇಷ್ಟು ಗಂಟೆಗೆ ಎದ್ದು ಬರುತ್ತೇನೆ. ಮಾರನೇ ದಿನ ನಿಜವಾಗಿ ಆದದ್ದನ್ನು ಪಕ್ಕದಲ್ಲೇ ಬರೆಯಿರಿ. ಬರೆದದ್ದಕ್ಕೂ ಆದದ್ದಕ್ಕೂ ತಾಳೆ ಬೀಳದಿದ್ದರೆ ಆ ಹಾಳೆಯನ್ನು ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ. ನಿಮಗೆ ನೆನಪಿಲ್ಲದ ರಾತ್ರಿಗಳು ಅವರಿಗೆ ನೆನಪಿರುತ್ತವೆ.

ಪ್ರಶ್ನೆ: ನಮ್ಮ ಅಣ್ಣ ಹತ್ತು ವರ್ಷದಿಂದ ದಿನಾ ಕುಡಿಯುತ್ತಿದ್ದ. ಮನೆಯವರೆಲ್ಲ ಸೇರಿ ಬೈದಿದ್ದಕ್ಕೆ ಹಟಕ್ಕೆ ಬಿದ್ದು ಒಂದೇ ದಿನಕ್ಕೆ ಬಿಟ್ಟ. ಮಾರನೇ ದಿನ ಕೈ ನಡುಗುತ್ತಿತ್ತು, ಮೈಯೆಲ್ಲ ಬೆವರು. ಮೂರನೇ ದಿನ ಗೋಡೆ ಮೇಲೆ ಹುಳು ಹರಿದಾಡುತ್ತಿದೆ ಅಂತ ಕೂಗಾಡಿದ, ನಾನು ಯಾರು ಅಂತಲೂ ಗೊತ್ತಾಗಲಿಲ್ಲ. ಹೆದರಿ ಮತ್ತೆ ಎರಡು ಪೆಗ್ ಕುಡಿಸಿದೆವು, ಸುಮ್ಮನಾದ. ಈಗ ಮತ್ತೆ ದಿನಾ ಕುಡಿಯುತ್ತಿದ್ದಾನೆ. ‘ಬಿಟ್ಟರೆ ಸತ್ತೇ ಹೋಗ್ತೀನಿ’ ಅನ್ನುತ್ತಾನೆ. ಇದು ನಾಟಕವಾ?

ಉತ್ತರ: ನಾಟಕ ಖಂಡಿತ ಅಲ್ಲ. ದಯವಿಟ್ಟು ಇದನ್ನು ಮನೆಯವರೆಲ್ಲರಿಗೂ ಓದಿ ಹೇಳಿ.

ಮದ್ಯ ಮಿದುಳಿನ ಬ್ರೇಕ್ ಒತ್ತುತ್ತದೆ. ವರ್ಷಗಟ್ಟಲೆ ಯಾರೋ ಬ್ರೇಕ್ ಒತ್ತಿ ಹಿಡಿದಿದ್ದರೆ, ಗಾಡಿ ಓಡಲೇಬೇಕಲ್ಲ ಅಂತ ಮಿದುಳು ತನ್ನ ಕಡೆಯಿಂದ ಆಕ್ಸಿಲರೇಟರ್ ಜೋರಾಗಿ ಒತ್ತುವುದನ್ನು ಕಲಿಯುತ್ತದೆ. ನೀವು ಒಂದೇ ದಿನಕ್ಕೆ ಬ್ರೇಕ್ ತೆಗೆದುಬಿಟ್ಟರೆ ಉಳಿಯುವುದು ಬರೀ ಆಕ್ಸಿಲರೇಟರ್. ಕೊನೆಯ ಗ್ಲಾಸಿನ ನಂತರ ಆರೆಂಟು ಗಂಟೆಗೆ ನಡುಕ, ಬೆವರು, ಎದೆ ಬಡಿತ, ವಾಂತಿ, ನಿದ್ದೆಗೇಡು ಶುರುವಾಗುತ್ತದೆ. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರುವ ಭಯ ಜಾಸ್ತಿ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ನಿಮ್ಮ ಅಣ್ಣನಿಗೆ ಆದದ್ದು ಆಗುತ್ತದೆ: ಇಲ್ಲದ್ದು ಕಾಣುತ್ತದೆ, ಕೇಳುತ್ತದೆ, ಯಾರು ಎಲ್ಲಿ ಅನ್ನುವುದೇ ತಪ್ಪಿಹೋಗುತ್ತದೆ, ಜ್ವರ ಬರುತ್ತದೆ, ಬಿಪಿ ಏರುತ್ತದೆ. ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್ ಅಂತ ಹೆಸರು. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಹೀಗಾದ ಕೂಡಲೇ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಅಂದರೆ ಅವರು ಕುಡಿತ ಬಿಡಬಾರದು ಅಂತಲ್ಲ. ಬಿಡಲೇಬೇಕು, ಆದರೆ ಮನೆಯಲ್ಲಿ ಹಟಕ್ಕೆ ಬಿದ್ದು ಬಿಡುವ ಹಂತ ಅವರಿಗೆ ದಾಟಿಹೋಗಿದೆ. ಆಸ್ಪತ್ರೆಯಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಮ್ ಥರದ ಔಷಧಿ ಕೊಟ್ಟು, ಆ ಬ್ರೇಕ್ ಜಾಗವನ್ನು ಕೆಲವು ದಿನ ಅದು ತುಂಬುವ ಹಾಗೆ ಮಾಡಿ, ಆಮೇಲೆ ದಿನದಿಂದ ದಿನಕ್ಕೆ ಕಮ್ಮಿ ಮಾಡಿ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಇಂಜೆಕ್ಷನ್ ಕೊಡುತ್ತಾರೆ. ದಿನಾ ಕುಡಿಯುವವರಲ್ಲಿ ಇದರ ಕೊರತೆ ಇರುತ್ತದೆ, ಅದು ತೀರಾ ಆದರೆ ಕಣ್ಣಿನ ಚಲನೆ, ನಡಿಗೆ, ನೆನಪು ಎಲ್ಲ ಕೆಡುತ್ತದೆ, ಕೆಲವರಿಗೆ ಆ ನೆನಪು ಮತ್ತೆ ಬರುವುದೇ ಇಲ್ಲ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ನೀವೇ ಕೊಡಲು ಹೋಗಬೇಡಿ, ಮದ್ಯದ ಜೊತೆ ಅದು ಸೇರಿದರೆ ಉಸಿರೇ ನಿಲ್ಲಬಹುದು.

ಇನ್ನೊಂದು ಮಾತು. ಹೀಗೆ ಸಡನ್ನಾಗಿ ಬಿಟ್ಟು ಮತ್ತೆ ಹಿಡಿದು ಮಾಡುತ್ತಿದ್ದರೆ, ಪ್ರತಿ ಸಲ ಬಿಟ್ಟಾಗಲೂ ತೊಂದರೆ ಹಿಂದಿನ ಸಲಕ್ಕಿಂತ ಕೆಟ್ಟದಾಗಬಹುದು. ಅವರು ‘ಸತ್ತೇ ಹೋಗ್ತೀನಿ’ ಅನ್ನುವುದು ಆ ಮೂರು ದಿನ ಅನುಭವಿಸಿದ ಭಯದಿಂದ. ಡಾಕ್ಟರ ಹತ್ತಿರ ಹೋಗಿ ಮೊದಲು ಹೇಳಬೇಕಾದದ್ದು ಇದೇ: ಹಿಂದೆ ಬಿಟ್ಟಾಗ ಮೂರನೇ ದಿನ ಹೀಗಾಗಿತ್ತು. ಅಷ್ಟು ಗೊತ್ತಾದರೆ ಅವರು ಅಡ್ಮಿಟ್ ಮಾಡಿಕೊಂಡೇ ಬಿಡಿಸುತ್ತಾರೆ.

ಪ್ರಶ್ನೆ: ನನ್ನ ಗಂಡ ವರ್ಷಕ್ಕೊಂದು ಸಲ ಒಂದು ತಿಂಗಳು ಪೂರ್ತಿ ಬಿಡುತ್ತಾರೆ. ‘ನೋಡು, ಮನಸ್ಸು ಮಾಡಿದ್ರೆ ಯಾವಾಗ ಬೇಕಾದ್ರೂ ಬಿಡ್ತೀನಿ, ನನಗೆ ಚಟ ಇಲ್ಲ’ ಅನ್ನುತ್ತಾರೆ. ತಿಂಗಳು ಮುಗಿದ ದಿನವೇ ಮತ್ತೆ ಶುರು, ಮೊದಲಿಗಿಂತ ಜಾಸ್ತಿ. ಊಟದಲ್ಲಿ ಗೊತ್ತಾಗದ ಹಾಗೆ ಹಾಕಿದರೆ ಕುಡಿತ ಬಿಡಿಸುವ ಮಾತ್ರೆ ಇದೆ ಅಂತ ಒಬ್ಬರು ಹೇಳಿದರು. ಕೊಡಬಹುದಾ?

ಉತ್ತರ: ಮಾತ್ರೆಯ ವಿಷಯ ಮೊದಲು ಹೇಳುತ್ತೇನೆ. ಬೇಡ, ಕೊಡಲೇಬೇಡಿ. ಅವರು ಹೇಳಿದ್ದು ಬಹುಶಃ ಡೈಸಲ್ಫಿರಾಮ್. 1940ರ ದಶಕದಿಂದ ಬಳಕೆಯಲ್ಲಿರುವ ಔಷಧಿ. ಇದನ್ನು ತಗೊಂಡವರು ಮದ್ಯ ಕುಡಿದರೆ, ದೇಹದಲ್ಲಿ ಮದ್ಯ ಪೂರ್ತಿ ಕರಗದೆ ಅಸೆಟಾಲ್ಡಿಹೈಡ್ ಅನ್ನುವ ವಿಷದ ವಸ್ತು ಸೇರಿಕೊಳ್ಳುತ್ತದೆ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಹೀಗಾಗಬಹುದು. ತನಗೆ ಏನು ಕೊಡುತ್ತಿದ್ದಾರೆ ಅಂತ ಗೊತ್ತಿದ್ದು, ತಾನೇ ಒಪ್ಪಿ ತಗೊಳ್ಳುವವರಿಗೆ ಆ ಭಯವೇ ಒಂದು ಕಾವಲು. ಗೊತ್ತಿಲ್ಲದವರು ಎಂದಿನಂತೆ ಕುಡಿಯುತ್ತಾರೆ. ಹೃದಯದ ತೊಂದರೆ ಇದ್ದರಂತೂ ಪ್ರಾಣಕ್ಕೇ ಬರುತ್ತದೆ. ಕದ್ದು ಕೊಟ್ಟದ್ದು ಗೊತ್ತಾದ ದಿನ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ, ಆಮೇಲೆ ಯಾವ ಡಾಕ್ಟರು ಯಾವ ಮಾತ್ರೆ ಕೊಟ್ಟರೂ ಅವರು ಮುಟ್ಟುವುದಿಲ್ಲ.

ಡಾಕ್ಟರ ಕಣ್ಗಾವಲಿನಲ್ಲಿ ಕೊಡುವ ಬೇರೆ ಔಷಧಿಗಳೂ ಇವೆ. ನಾಲ್ಟ್ರೆಕ್ಸೋನ್ ಕುಡಿದಾಗ ಸಿಗುವ ಖುಷಿಯನ್ನೂ, ಕುಡಿಯಬೇಕು ಅನ್ನುವ ಸೆಳೆತವನ್ನೂ ಕಮ್ಮಿ ಮಾಡುತ್ತದೆ. ಅಕಾಂಪ್ರೊಸೇಟ್ ಬಿಟ್ಟವರು ಬಿಟ್ಟ ಹಾಗೆಯೇ ಉಳಿಯಲು ಸಹಾಯ ಮಾಡುತ್ತದೆ. ಲಿವರ್, ಕಿಡ್ನಿ ನೋಡಿ ಯಾರಿಗೆ ಯಾವುದು ಅಂತ ತೀರ್ಮಾನ ಮಾಡುತ್ತಾರೆ.

ಇನ್ನು ಆ ಒಂದು ತಿಂಗಳು. ಬಿಟ್ಟಿದ್ದು ಸುಳ್ಳಲ್ಲ, ಒಳ್ಳೆಯದೇ. ಆದರೆ ಆ ತಿಂಗಳು ಹೇಗೆ ಕಳೆಯಿತು ಅನ್ನುವುದು ನಿಮಗೆ ಗೊತ್ತಿರುತ್ತದೆ, ಅಲ್ವಾ? ಕ್ಯಾಲೆಂಡರ್ ನೋಡಿಕೊಂಡು, ಸಣ್ಣದಕ್ಕೆಲ್ಲ ರೇಗಿಕೊಂಡು, ಕೊನೆಯ ದಿನಕ್ಕೆ ಪ್ಲ್ಯಾನ್ ಮಾಡಿಕೊಂಡು ಕಳೆದಿದ್ದರೆ ಮೂವತ್ತು ದಿನವೂ ಕುಡಿತವೇ ಅವರ ತಲೆಯಲ್ಲಿ ಇತ್ತು ಅಂತಾಯಿತು. ಅವಲಂಬನೆ ಇರುವವರಲ್ಲಿ ಎಷ್ಟೋ ಜನ ಬಿಡಬಲ್ಲರು. ಅವರಿಗೆ ಆಗದೇ ಇರುವುದು ಮತ್ತೆ ಶುರು ಮಾಡಿದಾಗ ಎರಡಕ್ಕೆ ನಿಲ್ಲಿಸುವುದು. ಹಾಗಾಗಿ ‘ಬಿಡಬಲ್ಲೆ’ ಅನ್ನುವುದು ಚಟ ಇಲ್ಲ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ.

ಮಾತಾಡುವುದಾದರೆ ಕುಡಿದ ರಾತ್ರಿ ಬೇಡ, ಕುಡಿಯದ ಬೆಳಿಗ್ಗೆ ಮಾತಾಡಿ. ‘ನೀವು ಕುಡುಕ’ ಅಂದರೆ ಜಗಳ ಅಷ್ಟೇ ಆಗುತ್ತದೆ. ‘ಶುಕ್ರವಾರ ಮಗಳ ಸ್ಕೂಲಿಗೆ ಬರ್ತೀನಿ ಅಂದಿದ್ರಿ, ಬರಲಿಲ್ಲ, ಅವಳು ಗೇಟಿನ ಹತ್ತಿರ ಕಾಯ್ತಿದ್ದಳು’ ಅಂತ ಆದದ್ದನ್ನು ಆದ ಹಾಗೆ ಹೇಳಿ. ಆಫೀಸಿಗೆ ಫೋನ್ ಮಾಡಿ ‘ಜ್ವರ ಬಂದಿದೆ’ ಅಂತ ಅವರ ಪರವಾಗಿ ಸುಳ್ಳು ಹೇಳುವುದನ್ನು ನಿಲ್ಲಿಸಿ. ಅವರು ಬರದಿದ್ದರೂ ನೀವೊಬ್ಬರೇ ಮನೋವೈದ್ಯರನ್ನೋ, ಕೌನ್ಸೆಲರನ್ನೋ ಭೇಟಿ ಮಾಡಬಹುದು. ಕುಡಿಯುವವರ ಮನೆಯವರಿಗಾಗಿಯೇ 1951ರಿಂದ ನಡೆಯುತ್ತಿರುವ ಅಲ್-ಅನಾನ್ ಅನ್ನುವ ಬಳಗವಿದೆ, ಎಷ್ಟೋ ದೇಶಗಳಲ್ಲಿ ಅದರ ಸಭೆಗಳು ನಡೆಯುತ್ತವೆ. ಮನೆಯಲ್ಲಿ ಕೈ ಎತ್ತುವುದು ಇದ್ದರೆ ಮಾತ್ರ ಇದೆಲ್ಲ ಆಮೇಲೆ. ಮೊದಲು ನೀವು ಮತ್ತು ಮಕ್ಕಳು ಸುರಕ್ಷಿತವಾದ ಕಡೆ ಇರಬೇಕು.

ಪ್ರಶ್ನೆ: ನಾನು 29 ವರ್ಷದ ಹುಡುಗಿ. ಆಫೀಸ್ ಪಾರ್ಟಿಗಳಲ್ಲಿ ಕುಡಿಯುತ್ತಿದ್ದೆ. ಈಗ ಒಂದು ವರ್ಷದಿಂದ ನಿದ್ದೆ ಬರಲಿ ಅಂತ ರಾತ್ರಿ ಒಬ್ಬಳೇ ವೈನ್ ಕುಡಿಯುತ್ತೇನೆ. ಒಂದು ಗ್ಲಾಸ್ ಈಗ ಅರ್ಧ ಬಾಟಲಿ ಆಗಿದೆ. ಮೂರು ಗಂಟೆಗೆ ಎಚ್ಚರವಾಗಿ ಎದೆ ಡವಡವ ಅನ್ನುತ್ತದೆ. ಡಾಕ್ಟರ ಹತ್ತಿರ ಹೇಳಲು ನಾಚಿಕೆ.

ಉತ್ತರ: ನಾಚಿಕೆ ಬಿಟ್ಟು ಇಲ್ಲಿ ಬರೆದಿರಲ್ಲ, ಅದಕ್ಕೆ ನಿಮಗೆ ಥ್ಯಾಂಕ್ಸ್. ಹುಡುಗಿಯರು ಕುಡಿದರೆ ಜನ ಮಾತಾಡುವ ರೀತಿಯೇ ಬೇರೆ, ಆ ಭಯಕ್ಕೇ ಎಷ್ಟೋ ಜನ ಸಹಾಯ ಕೇಳಲು ವರ್ಷಗಟ್ಟಲೆ ತಡ ಮಾಡುತ್ತಾರೆ. ನಿಮ್ಮದು ಇನ್ನೂ ಬೇಗ ಹಿಡಿಯಬಹುದಾದ ಹಂತ.

ಮದ್ಯ ಬೇಗ ನಿದ್ದೆಗೆ ಜಾರಿಸುತ್ತದೆ ನಿಜ. ಆದರೆ ಅದು ರಕ್ತದಿಂದ ಇಳಿಯುತ್ತಾ ಬಂದಾಗ, ಸರಿಯಾಗಿ ರಾತ್ರಿಯ ದ್ವಿತೀಯಾರ್ಧದಲ್ಲಿ, ಮಿದುಳು ಎದ್ದು ಕೂರುತ್ತದೆ. ಆ ಮೂರು ಗಂಟೆಯ ಎಚ್ಚರ, ಎದೆ ಬಡಿತ ಅದರಿಂದಲೇ. ಬೆಳಿಗ್ಗೆ ಸುಸ್ತು, ಮನಸ್ಸಿಗೆ ಕಳವಳ, ರಾತ್ರಿ ಮತ್ತೆ ನಿದ್ದೆ ಬರದ ಭಯ, ಮತ್ತೆ ವೈನ್. ಯಾವುದಕ್ಕೆ ಔಷಧಿ ಅಂದುಕೊಂಡು ಕುಡಿಯುತ್ತಿದ್ದೀರೋ ಆ ತೊಂದರೆಯನ್ನು ಅದೇ ಹೆಚ್ಚು ಮಾಡುತ್ತಿದೆ. ಹೆಂಗಸರ ದೇಹದಲ್ಲಿ ನೀರಿನ ಅಂಶ ಗಂಡಸರಿಗಿಂತ ಕಮ್ಮಿ, ಹಾಗಾಗಿ ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಪ್ರಮಾಣ ಜಾಸ್ತಿ ಆಗುತ್ತದೆ, ಲಿವರ್ ಬೇಗ ಕೆಡುತ್ತದೆ. ಸ್ತನ ಕ್ಯಾನ್ಸರಿನ ಅಪಾಯವಂತೂ ಸ್ವಲ್ಪ ಕುಡಿದರೂ ಸ್ವಲ್ಪ ಏರುತ್ತದೆ.

ಪಾರ್ಟಿಯಲ್ಲಿ ಖುಷಿಗೆ ಕುಡಿಯುವುದು ಹೋಗಿ, ಒಬ್ಬರೇ, ಏನನ್ನೋ ತಡೆದುಕೊಳ್ಳುವುದಕ್ಕೆ ಕುಡಿಯುವುದು ಶುರುವಾಯಿತಲ್ಲ, ಅಲ್ಲೇ ತಿರುವು ಇರುವುದು. ಒಂದು ವರ್ಷದ ಹಿಂದೆ ನಿದ್ದೆ ಯಾಕೆ ಕೆಟ್ಟಿತು? ಕೆಲಸದ ಒತ್ತಡವಾ, ಯಾರನ್ನಾದರೂ ಕಳೆದುಕೊಂಡಿರಾ, ಮನಸ್ಸು ಕುಗ್ಗಿತ್ತಾ? ಅದನ್ನು ನೋಡದೆ ವೈನ್ ಮಾತ್ರ ನಿಲ್ಲಿಸಿದರೆ ಆ ಜಾಗ ಖಾಲಿ ಬಿದ್ದಿರುತ್ತದೆ. ಡಾಕ್ಟರಿಗೆ ‘ನಿದ್ದೆ ಸರಿಯಿಲ್ಲ, ಅದಕ್ಕೆ ದಿನಾ ವೈನ್ ಕುಡಿಯುತ್ತಿದ್ದೇನೆ’ ಅಂತ ಒಂದೇ ವಾಕ್ಯ ಹೇಳಿ, ಉಳಿದದ್ದನ್ನು ಅವರೇ ಕೇಳುತ್ತಾರೆ. ಕುಡಿಯದ ದಿನ ಕೈ ನಡುಗುತ್ತದಾ ಅಂತಲೂ ಗಮನಿಸಿ, ಹಾಗಿದ್ದರೆ ನೀವೂ ಒಮ್ಮೆಲೇ ನಿಲ್ಲಿಸಬೇಡಿ, ಅವರನ್ನು ಕೇಳಿಯೇ ಕಮ್ಮಿ ಮಾಡಿ. ಬಿಟ್ಟ ಮೇಲೆ ಮೊದಲ ಒಂದೆರಡು ವಾರ ನಿದ್ದೆ ಇನ್ನೂ ಕೆಡಬಹುದು. ಆಗ ‘ವೈನೇ ವಾಸಿ ಇತ್ತು’ ಅನ್ನಿಸುತ್ತದೆ. ಅದು ದಾಟುತ್ತದೆ.

ಪ್ರಶ್ನೆ: ನಾನು ಹಾಟ್ ಡ್ರಿಂಕ್ಸ್ ಮುಟ್ಟುವುದಿಲ್ಲ, ಬಿಯರ್ ಮಾತ್ರ. ಬಿಯರ್‌ಗೆ ಚಟ ಹತ್ತುವುದಿಲ್ಲ ಅಲ್ವಾ?

ಉತ್ತರ: ಹತ್ತುತ್ತದೆ. 5 ಪರ್ಸೆಂಟಿನ 330 ಎಂ.ಎಲ್. ಬಿಯರಿನಲ್ಲಿ ಸುಮಾರು 13 ಗ್ರಾಂ ಮದ್ಯಸಾರ ಇರುತ್ತದೆ. 30 ಎಂ.ಎಲ್. ವಿಸ್ಕಿಯಲ್ಲಿ ಇರುವುದು ಸುಮಾರು 10 ಗ್ರಾಂ. ಸ್ಟ್ರಾಂಗ್ ಬಿಯರ್ ಆದರೆ ಇನ್ನೂ ಜಾಸ್ತಿ. ಬಾಟಲಿಯ ಮೇಲಿನ ಹೆಸರು ಏನೇ ಇರಲಿ, ಒಳಗಿರುವುದು ಅದೇ ಮದ್ಯಸಾರ.

ಪ್ರಶ್ನೆ: ಲಿವರ್ ಟೆಸ್ಟ್ ಮಾಡಿಸಿದೆ, ಎಲ್ಲ ನಾರ್ಮಲ್. ಅಂದರೆ ನನಗೆ ತೊಂದರೆ ಇಲ್ಲ ಅಂತ ತಾನೇ?

ಉತ್ತರ: ಆ ದಿನ ಆ ಟೆಸ್ಟಿನಲ್ಲಿ ಲಿವರಿನ ತೊಂದರೆ ಕಾಣಲಿಲ್ಲ ಅಂತ ಅಷ್ಟೇ ಅರ್ಥ. ಅವಲಂಬನೆಯನ್ನು ರಕ್ತ ಪರೀಕ್ಷೆ ಹೇಳುವುದಿಲ್ಲ, ಚೆನ್ನಾಗಿ ಕುಡಿಯುವವರಲ್ಲೂ ರಿಪೋರ್ಟ್ ನಾರ್ಮಲ್ ಬರುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಅನ್ನುವ ಹತ್ತು ಪ್ರಶ್ನೆಗಳ ಪಟ್ಟಿ ಇದೆ, 40 ಅಂಕದ್ದು. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕುಡಿತ ಅಪಾಯದ ಕಡೆ ಹೋಗುತ್ತಿದೆ ಅಂತ, 20 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅವಲಂಬನೆ ಇದೆಯಾ ಅಂತ ಸರಿಯಾಗಿ ಪರೀಕ್ಷೆ ಮಾಡಿಸಬೇಕು ಅಂತ. ರಿಪೋರ್ಟ್ ತೋರಿಸಲು ಹೋದಾಗ ಅದನ್ನೂ ಮಾಡಿಸಿ, ಐದು ನಿಮಿಷದ ಕೆಲಸ.

ಪ್ರಶ್ನೆ: ಚಿಕಿತ್ಸೆ ತಗೊಂಡು ಬಿಟ್ಟು ಎರಡು ವರ್ಷ ಆಯಿತು. ಆರಾಮಾಗಿದ್ದೇನೆ. ಮುಂದಿನ ತಿಂಗಳು ತಮ್ಮನ ಮದುವೆ. ಒಂದೇ ಒಂದು ಗ್ಲಾಸ್ ತಗೊಳ್ಳಬಹುದಾ?

ಉತ್ತರ: ಬೇಡ. ಎರಡು ವರ್ಷ ಬಿಟ್ಟದ್ದು ದೊಡ್ಡ ಸಾಧನೆ, ಅದಕ್ಕಾಗಿಯೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಒಮ್ಮೆ ಗಟ್ಟಿಯಾಗಿ ಅವಲಂಬನೆ ಬಂದವರ ಮಿದುಳು ಆ ಹಳೆಯ ದಾರಿಯನ್ನು ಮರೆಯುವುದಿಲ್ಲ, ಎಷ್ಟೋ ಜನ ಕೆಲವೇ ವಾರದಲ್ಲಿ ಹಿಂದಿನ ಲೆಕ್ಕಕ್ಕೇ ವಾಪಸ್ ಹೋಗುತ್ತಾರೆ. ಮದುವೆಗೆ ಖಂಡಿತ ಹೋಗಿ. ಗ್ಲಾಸಿನಲ್ಲಿ ಮೊದಲೇ ಜ್ಯೂಸ್ ಹಿಡಿದುಕೊಂಡಿರಿ, ಖಾಲಿ ಕೈ ಕಂಡರೆ ಜನ ತುಂಬಿಸಲು ಬರುತ್ತಾರೆ. ತಮ್ಮನಿಗೆ ಮೊದಲೇ ಹೇಳಿಡಿ, ಯಾರಾದರೂ ಬಲವಂತ ಮಾಡಿದರೆ ಅವನೇ ಮಧ್ಯೆ ಬರಲಿ. ಗಾಡಿ ಕೀ ನಿಮ್ಮ ಹತ್ತಿರವೇ ಇರಲಿ, ಮನಸ್ಸು ಎಳೆಯಿತು ಅನ್ನಿಸಿದ ಕೂಡಲೇ ಯಾರಿಗೂ ಕಾರಣ ಹೇಳುತ್ತಾ ನಿಲ್ಲದೆ ಹೊರಟುಬಿಡಿ. ಅಕಸ್ಮಾತ್ ಕುಡಿದೇಬಿಟ್ಟರೆ, ‘ಎಲ್ಲ ಹೋಯಿತು’ ಅಂತ ಮಾರನೇ ದಿನವೂ ಕುಡಿಯಬೇಡಿ, ನಿಮ್ಮ ಡಾಕ್ಟರಿಗೆ ಅವತ್ತೇ ಫೋನ್ ಮಾಡಿ.